ತವರು ತಿಯೆಸ್, ಸೇರುವ ಮನೆ ತಾಂಬಾ: ಬಳಕೆಯ ಕೈಪಿಡಿ

ಯಾರಿಗಾಗಿ

ಅಮೆರಿಕದ ಪೀಸ್ ಕೋರ್ ಸೇರಿ, ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ತರಬೇತಿ ಮುಗಿಸಿ, ಇಂದೋ ನಾಳೆಯೋ ಹಳ್ಳಿಗೆ ಹೊರಡಲಿರುವ ಸ್ವಯಂಸೇವಕರಿಗಾಗಿ ಈ ಕೈಪಿಡಿ. ಅದರಲ್ಲೂ, ಅಪ್ಪ ಅಮ್ಮ ಹಾವೇರಿಯಿಂದಲೋ ಹಾಸನದಿಂದಲೋ ಹೋಗಿ ನ್ಯೂಜೆರ್ಸಿಯಲ್ಲಿ ಮನೆ ಮಾಡಿ, ಮಗಳು ಡಾಕ್ಟರಾಗದಿದ್ದರೆ ಹೋಗಲಿ, ಕಂಪ್ಯೂಟರಾದರೂ ಓದುತ್ತಾಳೆ ಎಂದು ಕಾದು ಕೂತಿದ್ದ ಮನೆಗಳ ಮಕ್ಕಳಿಗಾಗಿ. ಪೀಸ್ ಕೋರ್ ಸೇರಲು ಅಮೆರಿಕದ ಪೌರತ್ವ ಇರಬೇಕು, ವಯಸ್ಸು 18 ತುಂಬಿರಬೇಕು. ಮನೆಯವರ ಒಪ್ಪಿಗೆ ಬೇಕು ಎಂದು ನಿಯಮದಲ್ಲಿ ಎಲ್ಲೂ ಇಲ್ಲ. ನಿಯಮ ಬರೆದವರಿಗೆ ನಮ್ಮ ಮನೆಗಳ ಅನುಭವ ಇರಲಿಲ್ಲ ಎಂದು ತಿಳಿಯಬೇಕು.

ಅಧ್ಯಕ್ಷ ಕೆನಡಿ 1961ರ ಮಾರ್ಚ್ 1ರಂದು ಸಹಿ ಹಾಕಿದ ಆದೇಶದಿಂದ ಹುಟ್ಟಿದ ಸಂಸ್ಥೆ ಇದು. ಅವರ ತಂಗಿಯ ಗಂಡ ಸಾರ್ಜೆಂಟ್ ಶ್ರೈವರ್ ಮೊದಲ ನಿರ್ದೇಶಕರು. ಸೆನೆಗಲ್‌ಗೆ ಕಾಲಿಟ್ಟದ್ದು 1963ರಲ್ಲಿ. 1961ರಿಂದ 1976ರವರೆಗೆ ಭಾರತದಲ್ಲೂ ಇತ್ತು. ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 68ರ ವಯಸ್ಸಿನಲ್ಲಿ ಮುಂಬಯಿಯ ವಿಕ್ರೋಲಿಗೆ ಬಂದು ದಾದಿಯ ಕೆಲಸ ಮಾಡಿದ್ದು ಈ ಸಂಸ್ಥೆಯ ಮೂಲಕವೇ. ಮೈಸೂರು ರಾಜ್ಯದ ಹಳ್ಳಿಗಳಿಗೂ ಇಂಥ ಹುಡುಗರು ಬಂದಿದ್ದರು. ನಿಮ್ಮ ತಾತನಿಗೆ ಅವರಲ್ಲೊಬ್ಬ ಅರ್ಧಂಬರ್ಧ ಕನ್ನಡದಲ್ಲಿ ಕೋಳಿ ಸಾಕುವುದು ಹೇಗೆಂದು ಹೇಳಿರಲೂಬಹುದು. ತಾತ ಅವನಿಗೆ ಊಟ ಹಾಕಿ, ಮಾತು ತಿದ್ದಿ, ಕೋಳಿಯನ್ನು ತನಗೆ ಕಂಡ ಹಾಗೇ ಸಾಕಿರುತ್ತಾರೆ. ಈ ಏರ್ಪಾಟು ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಈ ಸಲ ಅರ್ಧಂಬರ್ಧ ಮಾತಾಡುವವರು ನೀವು, ಅಷ್ಟೇ.

ಮುಂದಿನ ಪುಟಗಳನ್ನು ತೆರೆಯುವ ಮುನ್ನ ಒಂದು ಮಾತು ಸೆರಗಿನಲ್ಲಿ ಕಟ್ಟಿಕೊಳ್ಳಿ. ನೀವು ಆ ಹಳ್ಳಿಗೆ ಅಧಿಕಾರಿಯಾಗಿ ಹೋಗುತ್ತಿಲ್ಲ, ತಜ್ಞರಾಗಿಯೂ ಹೋಗುತ್ತಿಲ್ಲ, ಹೊಸ ಸೊಸೆಯಾಗಿ ಹೋಗುತ್ತಿದ್ದೀರಿ. ಗಂಡಸರಾದರೂ ಅಷ್ಟೆ. ಹೆಸರು ಬದಲಾಗುತ್ತದೆ, ಟ್ರಂಕು ಜೊತೆಗೆ ಬರುತ್ತದೆ, ಬಿಟ್ಟು ಹೋಗಲು ಬಂದವರು ಸಂಜೆಯೊಳಗೆ ವಾಪಸಾಗುತ್ತಾರೆ, ನೀವು ಎಷ್ಟು ಉಂಡಿರಿ ಎಂದು ಇಡೀ ಮನೆ ಲೆಕ್ಕ ಇಡುತ್ತದೆ. ಇದನ್ನು ಒಪ್ಪಿಕೊಂಡವರಿಗೆ ಉಳಿದ ಕೈಪಿಡಿ ಬೇಕಾಗುವುದೇ ಇಲ್ಲ. ಒಪ್ಪಿಕೊಳ್ಳುವವರು ಕಡಿಮೆ, ಆದ್ದರಿಂದ ಮುಂದುವರಿಸುತ್ತೇವೆ.

ಡಬ್ಬದಲ್ಲಿ ಏನೇನಿದೆ

ತಿಯೆಸ್ ರಾಜಧಾನಿ ಡಕಾರ್‌ನಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ. ದೂರದ ರೈಲ್ವೆ ಊರು. 1947ರಲ್ಲಿ ಶುರುವಾದ ಡಕಾರ್–ನೈಜರ್ ರೈಲ್ವೆ ಮುಷ್ಕರದಿಂದ ಇದಕ್ಕೆ ಹೆಸರು ಬಂತು. ಉಸ್ಮಾನ್ ಸೆಂಬೆನ್ ಆ ಮುಷ್ಕರವನ್ನು ಕಾದಂಬರಿ ಮಾಡಿದರು. ಡಕಾರ್‌ನ ಬೀದಿಗಳಲ್ಲಿ ಓಡುವ ಟಾಟಾ ಬಸ್ಸುಗಳನ್ನು ಜೋಡಿಸಿದ ಕಾರ್ಖಾನೆಯೂ ಇದೇ ಊರಿನದು. ಸೆನೆಗಲ್‌ಗೆ ಬಂದ ಸ್ವಯಂಸೇವಕರು ಇಲ್ಲಿನ ತರಬೇತಿ ಕೇಂದ್ರದಲ್ಲೂ ಸುತ್ತಲಿನ ಊರುಗಳ ಮನೆಗಳಲ್ಲೂ ಸರಿಸುಮಾರು ಮೂರು ತಿಂಗಳು ಕಳೆಯುತ್ತಾರೆ. ಒಟ್ಟು ಅವಧಿ 27 ತಿಂಗಳು, ಉಳಿದದ್ದು ಹಳ್ಳಿಯಲ್ಲಿ.

ಮೂರು ತಿಂಗಳ ಕೊನೆಗೆ ನಿಮ್ಮ ಬಳಿ ಇರಬೇಕಾದವು: ಸೊಳ್ಳೆ ಪರದೆ, ನೀರಿನ ಫಿಲ್ಟರು, ಮಲೇರಿಯಾ ಮಾತ್ರೆ ತುಂಬಿದ ಔಷಧ ಪೆಟ್ಟಿಗೆ, ಒಂದು ಸೈಕಲ್ಲು, ಹೆಲ್ಮೆಟ್ಟು. ಹೆಲ್ಮೆಟ್ ಇಲ್ಲದೆ ಸೈಕಲ್ ಏರಿದರೆ ಮನೆಗೆ ಕಳಿಸುತ್ತಾರೆ. ಮೋಟರ್ ಬೈಕಿನ ಹಿಂದೆ ಕೂತರೂ ಕಳಿಸುತ್ತಾರೆ. ಬೆಂಗಳೂರಿನ ಚಿಕ್ಕಪ್ಪನಿಗೆ ಇದನ್ನು ಹೇಳಲು ಹೋಗಬೇಡಿ, ನಗುತ್ತಾನೆ.

ಇನ್ನು ಭಾಷೆ. ಮೌಖಿಕ ಪರೀಕ್ಷೆಯಲ್ಲಿ ಪಾಸಾಗಿದ್ದೀರಿ, ಸಂತೋಷ. ನಿಮ್ಮ ಭಾಷೆ ವೊಲೊಫ್ ಎಂದಿಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ ಮೇಷ್ಟ್ರು ನಿಧಾನವಾಗಿ, ಒಬ್ಬರೇ, ನಿಮಗೆ ಗೊತ್ತಿರುವ ವಿಷಯವನ್ನೇ ಕೇಳಿದರು. ಹಳ್ಳಿಯಲ್ಲಿ ಐದು ಜನ ಒಟ್ಟಿಗೆ, ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡು, ಯಾರದೋ ಮೇಕೆಯ ವಿಷಯ ಮಾತಾಡುತ್ತಾರೆ. ಮೇಲಾಗಿ ಊರಿನ ಅರ್ಧ ಜನ ಪುಲಾರ್ ಮಾತಾಡುವವರೇ ಇರಬಹುದು. ತಯಾರಕರು ಇದಕ್ಕೆ ಜವಾಬ್ದಾರರಲ್ಲ.

ಚೊಂಬಿನ ಬಳಕೆಯ ಪಾಠವನ್ನು ಮಾತ್ರ ಬಿಟ್ಟುಬಿಡಬಹುದು. ಅಲ್ಲಿ ಅದಕ್ಕೆ ಪಟ್ಟೆಪಟ್ಟೆಯ ಪ್ಲಾಸ್ಟಿಕ್ ಕೆಟಲ್ ಇದೆ. ಜೊತೆಯ ಮಿನ್ನೆಸೋಟಾ ಹುಡುಗ ಇದನ್ನು ಒಂದು ವಾರ ಅಭ್ಯಾಸ ಮಾಡುವಾಗ, ರಜೆಯಲ್ಲಿ ಅಜ್ಜಿ ಮನೆಗೆ ಹೋಗಿ ಬಂದ ನೀವು ಹಿಂದಿನ ಬೆಂಚಿನಲ್ಲಿ ಆರಾಮಾಗಿ ಕೂತಿರಬಹುದು.

ಪ್ರಮಾಣವಚನ

ಹೊಸ ಬಟ್ಟೆ ಹೊಲಿಸಿ. ಮಾರುಕಟ್ಟೆಯಿಂದ ದೊಡ್ಡ ಹೂವಿನ ಮೇಣದಚ್ಚಿನ ಬಟ್ಟೆ ತಂದು ದರ್ಜಿಗೆ ಕೊಟ್ಟರೆ 'ನಾಳೆ, ಇನ್ಶಾ ಅಲ್ಲಾ' ಎನ್ನುತ್ತಾನೆ. ನಾಳೆ ಎಂದರೆ ಯಾವ ನಾಳೆ ಎಂದು ಕೇಳುವುದು ಅಸಭ್ಯತೆ. ಸಮಾರಂಭದ ಬೆಳಿಗ್ಗೆ ಒಂದು ತೋಳು ಬಿಗಿ, ಒಂದು ತೋಳು ಸಡಿಲ ಇರುವ ಅಂಗಿ ಕೈಗೆ ಬರುತ್ತದೆ, ಹಾಕಿಕೊಂಡು ನಿಲ್ಲಿ. ಅಮೆರಿಕದ ಸಂವಿಧಾನವನ್ನು ಕಾಪಾಡುತ್ತೇನೆ ಎಂದು ಬಲಗೈ ಎತ್ತಿ ಹೇಳಬೇಕು. ಆಮೇಲೆ ನಿಮ್ಮಲ್ಲಿ ಕೆಲವರು ವೊಲೊಫ್, ಪುಲಾರ್, ಸೆರೆರ್, ಮಂಡಿಂಕಾ ಭಾಷೆಗಳಲ್ಲಿ ಭಾಷಣ ಮಾಡುತ್ತಾರೆ. ಚಪ್ಪಾಳೆ ಜೋರಾಗಿ ಬೀಳುತ್ತದೆ. ಅದು ನೀವು ಆಡಿದ ವಿಷಯಕ್ಕೆ ಬಿದ್ದದ್ದೆಂದು ತಿಳಿಯಬೇಡಿ.

ಮೂರು ತಿಂಗಳು ಅನ್ನ ಹಾಕಿದ ತಿಯೆಸ್ ಕಡೆಯ ಮನೆಯಮ್ಮನಿಂದ ಬೀಳ್ಕೊಳ್ಳುವಾಗ ಅವಳು ಎಡಗೈ ಚಾಚಿದರೆ ಗಾಬರಿಯಾಗಬೇಡಿ. ಎಡಗೈಯಿಂದ ಕೊಡಬಾರದು, ತೆಗೆದುಕೊಳ್ಳಬಾರದು ಎಂಬ ನಿಯಮ ಅಲ್ಲೂ ನಮ್ಮಲ್ಲಿದ್ದಷ್ಟೇ ಬಿಗಿ. ದೂರ ಹೊರಟವರಿಗೆ ಮಾತ್ರ ಬೇಕೆಂದೇ ಎಡಗೈ ಕೊಡುತ್ತಾರೆ. ಮಾಡಿದ ತಪ್ಪನ್ನು ಸರಿಪಡಿಸಲಿಕ್ಕಾದರೂ ಇಬ್ಬರೂ ಮತ್ತೆ ಭೇಟಿಯಾಗಬೇಕಲ್ಲ! ಇಂಥ ಉಪಾಯ ನಮ್ಮ ಅಜ್ಜಿಯರಿಗೆ ಯಾಕೆ ಹೊಳೆಯಲಿಲ್ಲವೋ.

ಸಾಗಣೆ

ಸಂಸ್ಥೆಯ ಗಾಡಿ ಬರುತ್ತದೆ. ತಲೆಯ ಮೇಲೆ ಸೈಕಲ್ಲುಗಳು, ಹಾಸಿಗೆಗಳು. ಒಳಗೆ ಟ್ರಂಕು, ಬಕೆಟ್ಟು, ಗ್ಯಾಸ್ ಒಲೆ, ನಾಲ್ಕೈದು ಸ್ವಯಂಸೇವಕರು. ಫಾಟಿಕ್ ದಾಟಿ ಕಾವೊಲಾಕ್, ಅಲ್ಲಿಂದ ಕಫ್ರಿನ್, ಕುಂಗೆಲ್, ಕುಂಪೆಂಟುಮ್, ಹೀಗೆ ತಾಂಬಾ, ಅಂದರೆ ತಾಂಬಾಕುಂಡಾ, ದಿಕ್ಕಿಗೆ ದಾರಿ. ಕಾವೊಲಾಕ್ ಬಳಿ ಉಪ್ಪಿನ ಗದ್ದೆಗಳು ಕಾಣುತ್ತವೆ. ಆಚೆಗೆ ಶೇಂಗಾ ಮತ್ತು ಸಜ್ಜೆಯ ಬಯಲು. ಹಾವೇರಿ ಕಡೆಯವರಿಗೆ ಇದರಲ್ಲಿ ನೋಡುವಂಥದ್ದು ಏನೂ ಇಲ್ಲ ಎನಿಸಬೇಕು. ಬಯಲಿನ ನಡುವೆ ದಪ್ಪ ಕಾಂಡದ ಬಾವೊಬಾಬ್ ಮರಗಳು, ಬೇಸಿಗೆಯಲ್ಲಿ ಒಂದೂ ಎಲೆ ಇಲ್ಲದೆ. ಸೆನೆಗಲ್‌ನ ಲಾಂಛನದಲ್ಲಿರುವ ಮರ ಅದು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ನಿಮ್ಮಪ್ಪ ಚಿಕ್ಕಂದಿನಲ್ಲಿ ಕೈ ಚಾಚಿ ಅಳೆಯಲು ನೋಡಿದ್ದೂ ಅದೇ ಜಾತಿಯ ಮರವನ್ನು. ಫೋಟೊ ತೆಗೆದು ಕಳಿಸಿ. ಮನೆಯ ಗುಂಪಿನಲ್ಲಿ ಇದೊಂದಕ್ಕಾದರೂ ಹೊಗಳಿಕೆ ಬರುತ್ತದೆ.

ಒಬ್ಬೊಬ್ಬರನ್ನೇ ಇಳಿಸುತ್ತಾ ಹೋಗುತ್ತಾರೆ. ಮೊದಲು ಇಳಿಯುವವರ ಮುಖ ಬಿಳುಚಿಕೊಂಡಿರುತ್ತದೆ, ಉಳಿದವರು ಧೈರ್ಯ ಹೇಳುತ್ತಾರೆ. ಎರಡನೆಯವರಿಗೂ ಹೇಳುತ್ತಾರೆ. ಕೊನೆಗೆ ಇಳಿಯಬೇಕಾದವರಿಗೆ ಧೈರ್ಯ ಹೇಳಲು ಗಾಡಿಯಲ್ಲಿ ಡ್ರೈವರ್ ಮತ್ತು ಒಬ್ಬ ಸಿಬ್ಬಂದಿ ಮಾತ್ರ ಉಳಿದಿರುತ್ತಾರೆ, ಅವರಿಬ್ಬರೂ ಫುಟ್‌ಬಾಲ್ ಮಾತಿನಲ್ಲಿ ಮುಳುಗಿರುತ್ತಾರೆ. ಕೊನೆಯವರು ನೀವಾಗದಂತೆ ಮೊದಲೇ ನೋಡಿಕೊಳ್ಳಿ, ಸಾಧ್ಯವಿಲ್ಲ, ಆದರೂ.

ನಡುವೆ ಇಳಿದು ಕೈ ಕುಲುಕಬೇಕಾದ ಸ್ಥಳಗಳಿವೆ. ಪೊಲೀಸ್ ಠಾಣೆಯ ಬದಲು ಅಲ್ಲಿ ಜಾಂದಾರ್ಮರಿ, ತಹಶೀಲ್ದಾರ್ ಕಚೇರಿಯ ಬದಲು ಪ್ರಿಫೆಕ್ಟ್ ಮತ್ತು ಉಪಪ್ರಿಫೆಕ್ಟ್ ಕಚೇರಿ, ಮೇಲೊಬ್ಬ ಮೇಯರ್. ಪ್ರತಿಯೊಬ್ಬರೂ ನಿಮ್ಮ ಹೆಸರು ಕೇಳುತ್ತಾರೆ. ತರಬೇತಿಯ ಮನೆಯವರು ನಿಮಗೆ ಜೋಪ್ ಎಂಬ ಮನೆತನದ ಹೆಸರು ಕೊಟ್ಟಿದ್ದು, ಎದುರಿನ ಅಧಿಕಾರಿ ನ್ಜಾಯ್ ಆಗಿದ್ದರೆ, ಆತ ಫೈಲು ಮುಚ್ಚಿಟ್ಟು 'ನಿಮ್ಮವರೆಲ್ಲ ಅನ್ನಬಾಕರು' ಎಂದು ಬಯ್ಯುತ್ತಾನೆ. ಅದು ಬೈಗುಳವಲ್ಲ. ಆ ಎರಡು ಮನೆತನಗಳ ನಡುವೆ ಅಪರಿಚಿತರೂ ಹೀಗೆ ಚೇಷ್ಟೆ ಮಾಡುವ ಹಕ್ಕು ತಲೆತಲಾಂತರದಿಂದ ಬಂದಿದೆ. 'ಅನ್ನ ತಿನ್ನುವವರು ನೀವು' ಎಂದು ಅಷ್ಟೇ ಜೋರಾಗಿ ಹೇಳಿ. ಮೂರು ತಿಂಗಳಲ್ಲಿ ಕಲಿತ ವ್ಯಾಕರಣ ಮಾಡದ ಕೆಲಸವನ್ನು ಈ ಒಂದು ವಾಕ್ಯ ಮಾಡುತ್ತದೆ.

ಎಚ್ಚರಿಕೆ: ಇದು ಎರಡು ವರ್ಷದಲ್ಲಿ ನಿಮಗೆ ಸಿಗುವ ಸುಖದ ಪ್ರಯಾಣ. ಮುಂದಿನ ಸಲ ಊರು ಬಿಟ್ಟು ಬರಬೇಕಾದರೆ ಕತ್ತೆ ಗಾಡಿಯಲ್ಲಿ ಟಾರ್ ರಸ್ತೆಗೆ, ಅಲ್ಲಿಂದ 'ಸೆಟ್ ಪ್ಲಾಸ್' ಎಂಬ ಏಳು ಸೀಟಿನ ಹಳೇ ಪ್ಯೂಜೋ ಕಾರು. ಮುಂದೆ ಡ್ರೈವರ್ ಪಕ್ಕ ಒಬ್ಬರು, ನಡುವೆ ಮೂವರು, ಹಿಂದೆ ಮೂವರು. ಏಳೂ ಜನ ಸೇರುವವರೆಗೆ ಹೊರಡುವುದಿಲ್ಲ. ಅದು ಹತ್ತು ನಿಮಿಷವಾಗಬಹುದು, ಮಧ್ಯಾಹ್ನವೂ ಆಗಬಹುದು. ಹಿಂದಿನ ಸಾಲಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಲಗೇಜಿಗೆ ಬೇರೆ ಚೌಕಾಸಿ. ಮೇಲೆ ಕಟ್ಟಿದ ಕುರಿ ನಿಮ್ಮ ಕಿಟಕಿಯ ಬದಿಗೇ ಇರುತ್ತದೆ ಎಂದು ತಿಳಿದು ಕೂರಿ.

ಅಳವಡಿಕೆ

ಗಾಡಿ ನಿಂತ ಕೂಡಲೇ ಮಕ್ಕಳು ಬರುತ್ತವೆ. ಬಿಳಿಯರನ್ನು ಕಂಡರೆ 'ತುಬಾಬ್' ಎಂದು ಕೂಗುವ ಮಕ್ಕಳು ನಿಮ್ಮ ಬಣ್ಣ ನೋಡಿ ಅರೆಕ್ಷಣ ತಡೆಯುತ್ತವೆ. ಆಮೇಲೆ ಒಂದಿಬ್ಬರು 'ಶಾರುಖ್ ಖಾನ್!' ಎನ್ನುತ್ತಾರೆ. ಸೆನೆಗಲ್‌ನಲ್ಲಿ ಹಿಂದಿ ಸಿನಿಮಾ, ಧಾರಾವಾಹಿಗಳಿಗೆ ಹಳೆಯ ಅಭಿಮಾನಿಗಳಿದ್ದಾರೆ. ಡಕಾರ್‌ನಲ್ಲಿ ಅದರ ಕುಣಿತದ ತಂಡಗಳೂ ಇವೆ. ನ್ಯೂಜೆರ್ಸಿಯಲ್ಲಿ ಹುಟ್ಟಿ, ಹಿಂದಿ ಬಾರದೆ, ಕನ್ನಡವನ್ನೂ ಅಡುಗೆಮನೆಯಷ್ಟೇ ಬಲ್ಲ ನೀವು ಈಗ ಒಂದು ಹಾಡು ಹಾಡಬೇಕು. 'ನಾನು ಅಮೆರಿಕದವಳು' ಎನ್ನಬೇಡಿ, ನಂಬುವುದಿಲ್ಲ. 'ಕನ್ನಡ ಬೇರೆ, ಹಿಂದಿ ಬೇರೆ' ಎಂಬ ನಮ್ಮ ಶಾಶ್ವತ ವಾದವನ್ನು ವೊಲೊಫ್‌ನಲ್ಲಿ ಮಂಡಿಸುವಷ್ಟು ಭಾಷೆ ಇನ್ನೂ ಬಂದಿಲ್ಲ. ಗೊತ್ತಿದ್ದ ಯಾವುದೋ ಹಾಡಿನ ಎರಡು ಸಾಲು ಹಾಡಿ ಮುಗಿಸಿ.

ಊರ ಹಿರಿಯನಿಗೆ ಕೋಲಾ ಬೀಜ ಕೊಡಬೇಕು. ನಮ್ಮಲ್ಲಿ ಎಲೆಯಡಿಕೆ ಮಾಡುವ ಕೆಲಸವನ್ನೆಲ್ಲ ಅಲ್ಲಿ ಆ ಕಹಿ ಬೀಜ ಮಾಡುತ್ತದೆ. ಮಾತಿನ ಆರಂಭ, ಮದುವೆಯ ಒಪ್ಪಿಗೆ, ಜಗಳದ ರಾಜಿ, ಎಲ್ಲಕ್ಕೂ ಅದೇ. ನಂತರ ಯೋಗಕ್ಷೇಮ. ನೀವು ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ, ಅಮ್ಮ, ಅಪ್ಪ, ದಾರಿಯ ದಣಿವು, ಬಿಸಿಲು, ಕೆಲಸ, ಮತ್ತೆ ಒಂದು ಸಲ ಮನೆಯವರು. ಪ್ರತಿಯೊಂದಕ್ಕೂ 'ಜಾಮ್ ರೆಕ್' ಎನ್ನಿ, ಶಾಂತಿಯಷ್ಟೇ ಎಂದು ಅರ್ಥ. ಹೊಟ್ಟೆ ಕೆಟ್ಟಿದ್ದರೂ 'ಜಾಮ್ ರೆಕ್'. ಇದನ್ನು ಬೇಗ ಮುಗಿಸಿ ವಿಷಯಕ್ಕೆ ಬರಬೇಕೆಂದು ನಿಮ್ಮ ಅಮೆರಿಕದ ಮನಸ್ಸು ಚಡಪಡಿಸುತ್ತದೆ. ವಿಷಯ ಇದೇ.

ಇಲ್ಲಿ ನಿಮಗೆ ಮತ್ತೊಂದು ಹೆಸರು ಇಡುತ್ತಾರೆ. ತಿಯೆಸ್ ಕಡೆಯ ಜೋಪ್ ಹೋಗಿ ಈಗ ಬೇರೊಂದು ಮನೆತನ. ಮನೆಯ ಯಾವುದೋ ಅಜ್ಜಿಯ ಹೆಸರೇ ಬಂದರೆ ಭಾಗ್ಯ. ಆ ಮುದುಕಿ ನಿಮ್ಮ ಪರವಾಗಿ ಊರನ್ನೇ ಎದುರು ಹಾಕಿಕೊಳ್ಳುತ್ತಾಳೆ. ಅಷ್ಟರಲ್ಲಿ ಟ್ರಂಕು ಗುಡಿಸಲಿನೊಳಗೆ ಹೋಗಿರುತ್ತದೆ. ಸಿಬ್ಬಂದಿ ಗಡಿಯಾರ ನೋಡಿ, ಮುಂದಿನ ಊರು ದೂರ ಇದೆ ಎಂದು ಎದ್ದು, ಗಾಡಿ ಹತ್ತಿ ಹೊರಟೇ ಬಿಡುತ್ತಾರೆ. ತವರಿನವರು ಯಾವತ್ತೂ ಹೀಗೇ. ಅಳಬೇಕೆನಿಸಿದರೆ ಗುಡಿಸಲಿನ ಹಿಂದೆ ಬೇಲಿ ಕಟ್ಟಿದ ಬಚ್ಚಲಿದೆ, ಮೇಲೆ ಚಾವಣಿ ಇಲ್ಲ, ಗಾಳಿ ಚೆನ್ನಾಗಿ ಬರುತ್ತದೆ. ಜಾಸ್ತಿ ಹೊತ್ತು ಇರಬೇಡಿ, ಭೇದಿಯಾಗಿದೆ ಎಂದುಕೊಂಡು ಯಾರಾದರೂ ಕಷಾಯ ತರುತ್ತಾರೆ.

ಇಂಧನ

ದೊಡ್ಡ ಎನಾಮಲ್ ಬೋಗುಣಿ ಚಾಪೆಯ ನಡುವೆ ಬರುತ್ತದೆ. ಸುತ್ತ ಎಂಟು ಜನ. ಕೈ ತೊಳೆಯಿರಿ, ಒಂದು ಮೊಣಕಾಲು ಎತ್ತಿ ಕೂರಿ, ನಿಮ್ಮ ಮುಂದಿನ ಭಾಗದಲ್ಲಷ್ಟೇ ಉಣ್ಣಿ. ಪಕ್ಕದವರ ಎದುರಿಗೆ ಕೈ ಹಾಕುವುದು ಅತಿಕ್ರಮಣ. ತಿನ್ನುವುದು ಬಲಗೈಯಲ್ಲಿ. ಅಂಗೈಯಲ್ಲಿ ಅನ್ನ ಹಿಸುಕಿ ಉಂಡೆ ಮಾಡುವುದನ್ನು ಮಿನ್ನೆಸೋಟಾದವನು ಕಲಿಯಲು ತಿಂಗಳು ಹಿಡಿಯಿತು, ನಿಮಗೆ ಮೊದಲ ದಿನವೇ ಬರುತ್ತದೆ. ಮನೆಯಾಕೆ ನಡುವಿನ ಮೀನನ್ನು ಬೆರಳಿನಲ್ಲೇ ಬಿಡಿಸಿ, ಮುಳ್ಳು ತೆಗೆದು, ಒಂದು ತುಣುಕು, ಒಂದಿಷ್ಟು ಕ್ಯಾರೆಟ್, ಒಂದಿಷ್ಟು ಬದನೆಕಾಯಿ ನಿಮ್ಮ ಎದುರಿಗೆ ಎಸೆಯುತ್ತಾ ಇರುತ್ತಾಳೆ. ತನ್ನ ಎದುರಿಗೆ ಏನೂ ಉಳಿಸಿಕೊಳ್ಳುವುದಿಲ್ಲ. ಇದನ್ನು ನೀವು ಮೊದಲು ಕಂಡದ್ದು ಆಫ್ರಿಕಾದಲ್ಲಲ್ಲ.

ಈ ಅಡುಗೆಯ ಹೆಸರು ಚೆಬು ಜೆನ್. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಇದಕ್ಕೆ ಬೇಕಾದದ್ದು ಇಡೀ ಅಕ್ಕಿಯಲ್ಲ, ನುಚ್ಚಕ್ಕಿ. ಫ್ರೆಂಚರು ಇಂಡೊಚೈನಾದಿಂದ ಅಗ್ಗದ ನುಚ್ಚು ತಂದು ಸುರಿದ ಕಾಲದಿಂದ ಅಲ್ಲಿನ ನಾಲಿಗೆ ಅದಕ್ಕೇ ಒಗ್ಗಿದೆ. ಸಾರು ಹೀರಿಕೊಳ್ಳುವುದು ನುಚ್ಚೇ, ಇಡೀ ಅಕ್ಕಿಯಿಂದ ಆಗದು ಎಂಬುದು ಅವರ ಖಚಿತ ಅಭಿಪ್ರಾಯ. ನಮ್ಮಲ್ಲಿ ಕೋಳಿಗೆ ಹಾಕುವ, ಹೆಚ್ಚೆಂದರೆ ಉಪ್ಪಿಟ್ಟು ಮಾಡುವ ಆ ನುಚ್ಚು ಇತ್ತೀಚಿನ ವರ್ಷಗಳಲ್ಲಿ ಭಾರತದಿಂದಲೇ ಹಡಗು ತುಂಬಿ ಹೋಗುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಭಾರತ ಅದರ ರಫ್ತು ನಿಲ್ಲಿಸಿದಾಗ ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಒಂದು ಸಣ್ಣ ಸುದ್ದಿ, ಅವರ ಅಡುಗೆಮನೆಗೆ ದೊಡ್ಡದು. ಬೋಗುಣಿಯ ಬದಿಗೆ ಹುಳಿಹುಳಿಯಾದ ಹಸಿರು ಗೊಜ್ಜೊಂದು ಇರುತ್ತದೆ. ನಾಲಿಗೆಗೆ ಇಟ್ಟ ಕೂಡಲೇ ಹುಬ್ಬಳ್ಳಿಯ ಸೋದರತ್ತೆ ನೆನಪಾದರೆ ತಪ್ಪಿಲ್ಲ: ಅದು ಪುಂಡಿ ಜಾತಿಯದೇ ಸೊಪ್ಪು. ಅದೇ ಗಿಡದ ಕೆಂಪು ಹೂಪಾತ್ರೆಯಿಂದ ಬಿಸಾಪ್ ಎಂಬ ಶರಬತ್ತು ಮಾಡುತ್ತಾರೆ. ರಾತ್ರಿಗೆ ಸಜ್ಜೆ. ನಸುಕಿನಲ್ಲಿ ಒರಳಿನಲ್ಲಿ ಒನಕೆ ಬೀಳುವ ಸದ್ದಿಗೆ ಎಚ್ಚರವಾದರೆ, ಅದು ಆ ಸಜ್ಜೆಯ ಸದ್ದೇ.

ಶಾಕಾಹಾರಿಗಳ ಗಮನಕ್ಕೆ: ಮೀನು ತಿನ್ನುವುದಿಲ್ಲ ಎಂದರೆ 'ಪಾಪ, ಹಾಗಾದರೆ ಕೋಳಿ' ಎನ್ನುತ್ತಾರೆ. ಕೋಳಿಯೂ ಇಲ್ಲ ಎಂದರೆ ವೈದ್ಯರ ಕಟ್ಟಳೆಯೇ ಎಂದು ಕನಿಕರಿಸುತ್ತಾರೆ. 'ನಮ್ಮ ಮನೆಯಲ್ಲಿ ಹಿರಿಯರಿಂದ ಬಂದ ವ್ರತ' ಎನ್ನಿ. ವ್ರತ ಅಲ್ಲಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ, ರಂಜಾನ್ ಹಿಡಿಯುವ ಜನ. ಅಂದಿನಿಂದ ನಿಮ್ಮ ಎದುರಿಗೆ ಎಲೆಕೋಸಿನ ರಾಶಿ ಬೀಳುತ್ತದೆ. ಆ ಎಲೆಕೋಸು ಬೆಂದದ್ದು ಮೀನಿನ ಸಾರಿನಲ್ಲೇ ಎಂಬುದನ್ನು ಫೋನಿನಲ್ಲಿ ಹೇಳುವ ಅಗತ್ಯವಿಲ್ಲ.

ಊಟದ ಮೇಲೆ ಅತ್ತಾಯ. ಇದ್ದಿಲ ಒಲೆಯ ಮೇಲೆ ಸಣ್ಣ ಕೆಟಲ್, ಚೀನಾದ ಹಸಿರು ಚಹಾ, ಪುದೀನ, ಲೆಕ್ಕವಿಲ್ಲದ ಸಕ್ಕರೆ. ನೊರೆ ಬರಲೆಂದು ಎತ್ತರದಿಂದ ಲೋಟದಿಂದ ಲೋಟಕ್ಕೆ ಹೊಯ್ಯುತ್ತಾರೆ, ಮೈಸೂರಿನ ಹೋಟೆಲಿನವನೂ ನಾಚಬೇಕು. ಮೂರು ಸುತ್ತು, ಮೊದಲನೆಯದು ಕಹಿ, ಕೊನೆಯದು ಸಿಹಿ. ಎಷ್ಟು ಹೊತ್ತಾಗುತ್ತದೆ ಎಂದು ಕೇಳಬಾರದು.

ಮೊದಲ ತಿಂಗಳುಗಳ ಬಳಕೆ

ಕೆಲಸ ಮಾಡಬೇಡಿ. ಇದು ತಮಾಷೆಯಲ್ಲ, ತರಬೇತಿಯಲ್ಲೂ ಹೇಳಿರುತ್ತಾರೆ: ಆರಂಭದಲ್ಲಿ ಯಾವ ಯೋಜನೆಗೂ ಕೈ ಹಾಕದೆ ಊರನ್ನು ನೋಡಿ, ಕೇಳಿ, ಬರೆದುಕೊಳ್ಳಿ ಎಂದು. ಕೇಳಿಸಿಕೊಂಡವರೆಲ್ಲ ತಲೆಯಾಡಿಸಿ, ಎರಡನೇ ವಾರ ಗೊಬ್ಬರದ ಗುಂಡಿ ತೋಡಲು ಗುದ್ದಲಿ ಹಿಡಿಯುತ್ತಾರೆ. ಬಂದ ವಾರವೇ ಅತ್ತೆಯ ಡಬ್ಬಗಳನ್ನು ಬೇರೆ ಕಪಾಟಿಗೆ ಜೋಡಿಸಿದ ಸೊಸೆಗೆ ಏನಾಯಿತೆಂದು ಯಾರನ್ನಾದರೂ ಕೇಳಿ ನೋಡಿ.

ಶೇಂಗಾ ಸುಲಿಯಿರಿ. ಮಧ್ಯಾಹ್ನ ಹೆಂಗಸರು ಬೇವಿನ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಅವರ ಹೆಬ್ಬೆರಳು ಟಪ್ ಎಂದರೆ ಸಿಪ್ಪೆ ಎರಡು ಹೋಳು. ನಿಮ್ಮದು ಸಂಜೆಗೆ ಕೆಂಪಾಗಿ ಊದಿರುತ್ತದೆ, ಬುಟ್ಟಿಯ ತಳವೂ ಮುಚ್ಚಿರುವುದಿಲ್ಲ. ಊದಿದ ಆ ಬೆರಳನ್ನು ಮನೆಯಿಂದ ಮನೆಗೆ ತೋರಿಸಿ ನಗುತ್ತಾರೆ, ಬೆಣ್ಣೆ ಹಚ್ಚುತ್ತಾರೆ. ಊರಿನ ಸಾಲ, ಬಸುರಿಯರ ವಿಷಯ, ಬಾವಿಯ ಜಗಳ, ಯಾರ ಮಗ ಯುರೋಪಿಗೆ ದೋಣಿ ಹತ್ತಿದ ಎಂಬುದು, ಇವೆಲ್ಲ ತಿಳಿಯುವುದು ಇಲ್ಲೇ. ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋದರೆ 'ಜಾಮ್ ರೆಕ್' ಬಿಟ್ಟು ಇನ್ನೇನೂ ಸಿಗುವುದಿಲ್ಲ.

ನೀವು ಆರೋಗ್ಯ ವಿಭಾಗದವರಾದರೆ ಮುಂದೊಂದು ದಿನ ನುಗ್ಗೆ ಸೊಪ್ಪಿನ ಮಹಿಮೆ ಹೇಳುವ ಸರದಿ ಬರುತ್ತದೆ. ಒಣಗಿಸಿ, ಪುಡಿ ಮಾಡಿ, ಮಕ್ಕಳ ಗಂಜಿಗೆ ಬೆರೆಸಿ ಎಂದು ಚಿತ್ರ ಹಿಡಿದು ತೋರಿಸಬೇಕು. ಎದುರಿಗೆ ಕೂತ ಹೆಂಗಸರು ಅದೇ ಸೊಪ್ಪನ್ನು ಶೇಂಗಾ ಹಾಕಿ ಬೇಯಿಸಿ ಸಜ್ಜೆಗೆ ಕಲಸಿ ತಿಂದು ಬೆಳೆದವರು. ಅತ್ತ ನಿಮ್ಮ ಅಜ್ಜಿ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದದ್ದೂ ಅದನ್ನೇ, ಆಗ ನೀವು ತಟ್ಟೆಯ ಅಂಚಿಗೆ ತಳ್ಳುತ್ತಿದ್ದಿರಿ. ಗಂಭೀರ ಮುಖ ಮಾಡಿ ಪಾಠ ಮುಂದುವರಿಸಿ.

ಖಾತರಿ

ಇಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಸಂಸ್ಥೆ 60ಕ್ಕೂ ಹೆಚ್ಚು ದೇಶಗಳಿಂದ ಸುಮಾರು 7,000 ಸ್ವಯಂಸೇವಕರನ್ನು ಒಂದೇ ಸಲಕ್ಕೆ ವಾಪಸ್ ಕರೆಸಿಕೊಂಡಿತು. ಅದರ ಇತಿಹಾಸದಲ್ಲಿ ಅದೇ ಮೊದಲು. ಎಡಗೈ ಕೊಡಲಿಕ್ಕೂ ಎಷ್ಟೋ ಜನಕ್ಕೆ ಪುರುಸೊತ್ತು ಸಿಕ್ಕಿರಲಾರದು. ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ 27 ತಿಂಗಳನ್ನು ಮೊದಲೇ ಗೀಚಿಡಬೇಡಿ.

ದೋಷ ನಿವಾರಣೆ

ನಡುರಾತ್ರಿ ಫೋನು ಹೊಡೆದುಕೊಳ್ಳುತ್ತದೆ. ಕಾರಣ: ಸೆನೆಗಲ್‌ನ ಗಡಿಯಾರ ಭಾರತಕ್ಕಿಂತ ಐದೂವರೆ ಗಂಟೆ ಹಿಂದೆ. ಹಾವೇರಿಯಲ್ಲಿ ಅಜ್ಜಿ ಬೆಳಿಗ್ಗೆ ಆರಕ್ಕೆ ಎದ್ದು, ಹೂ ಕೊಯ್ದು, ನಿಮ್ಮನ್ನು ನೆನೆದಾಗ ಅಲ್ಲಿ ರಾತ್ರಿ ಹನ್ನೆರಡೂವರೆ. ಅಜ್ಜಿಗೆ ಸಮಯ ತಿದ್ದಲು ಹೋಗಬೇಡಿ. ಸೌರಫಲಕದಲ್ಲಿ ಚಾರ್ಜಾದ ಫೋನು ಆ ಹೊತ್ತಿಗೆ ತಾನೇ ಸಾಯುವಂತೆ ಸಂಜೆ ಬಳಸಿ ಮುಗಿಸಿ.

ಭಾಷೆ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ವೊಲೊಫ್ ಪದ ಬರಬೇಕಾದಲ್ಲಿ ಕನ್ನಡ ಬಾಯಿಗೆ ಬರುತ್ತದೆ. ಬರಲಿ ಬಿಡಿ. 'ಅಯ್ಯೋ' ಎಂದರೆ ಯಾವ ಊರಿನಲ್ಲೂ ಅರ್ಥವಾಗುತ್ತದೆ.

ಊರಿನ ಹೆಂಗಸರು ದಿನಾ 'ಗಂಡ ಎಲ್ಲಿ' ಎನ್ನುತ್ತಾರೆ. ಅಮೆರಿಕದಲ್ಲಿದ್ದಾನೆ ಎಂದು ಹೇಳಲು ಹಳೆಯ ಸ್ವಯಂಸೇವಕರು ಕಲಿಸಿಕೊಟ್ಟಿರುತ್ತಾರೆ. ಹೇಳಿ. ಆದರೆ ಅವನ ಹೆಸರು, ಉದ್ಯೋಗ, ತಾಯಿಯ ಸ್ವಭಾವ, ಎಷ್ಟು ಹಸು ಕೊಟ್ಟ ಎಂಬುದನ್ನೆಲ್ಲ ಡೈರಿಯಲ್ಲಿ ಬರೆದಿಡಿ, ಮರುದಿನ ಒಂದು ಹಸು ಕಡಿಮೆಯಾದರೂ ಹಿಡಿಯುತ್ತಾರೆ. ಮತ್ತು ಈ ಮಾತು ನಡೆಯುವಾಗ ಅಜ್ಜಿಯ ವಿಡಿಯೊ ಕರೆ ಬಂದರೆ ಫೋನನ್ನು ಅವರ ಕೈಗೆ ಯಾವ ಕಾರಣಕ್ಕೂ ಕೊಡಬೇಡಿ. ಅವರಿಗೆ ಕನ್ನಡ ಬಾರದು, ಅಜ್ಜಿಗೆ ವೊಲೊಫ್ ಬಾರದು. ಆದರೂ ಐದು ನಿಮಿಷದಲ್ಲಿ ಎರಡೂ ಕಡೆಯವರು ಸೇರಿ ಹುಡುಗನನ್ನು ಗೊತ್ತು ಮಾಡಿರುತ್ತಾರೆ.